ಲಾಗ್ ಸರ್ವರ್ ನಿಂತರೆ ಆ್ಯಪ್ ಯಾಕೆ ತಡವರಿಸಬೇಕು?

ಪ್ರಶ್ನೆ: ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಹಾಲಿನ ಸಹಕಾರ ಸಂಘಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. ಪೈಥಾನ್ ಭಾಷೆ, ಅದರ ವೆಬ್ ಚೌಕಟ್ಟು ಜಾಂಗೋ, ಅದನ್ನು ಓಡಿಸುವ ಗುನಿಕಾರ್ನ್, ಒಟ್ಟು 6 ಸರ್ವರ್. ಮೊದಲು ಲಾಗ್, ಅಂದರೆ ಆ್ಯಪ್ ಬರೆದಿಡುವ ಘಟನೆಗಳ ದಾಖಲೆ, ಎಲ್ಲಾ ಆಯಾ ಸರ್ವರ್‌ನ ಫೈಲ್‌ನಲ್ಲೇ ಇರುತ್ತಿತ್ತು. ಈಗ ಪೈಥಾನ್‌ನ ಸಾಕೆಟ್‌ಹ್ಯಾಂಡ್ಲರ್ ಬಳಸಿ ಎಲ್ಲವನ್ನೂ ಟಿಸಿಪಿ (ಮೊದಲು ಕನೆಕ್ಷನ್ ಕಟ್ಟಿಕೊಂಡು ಕಳಿಸುವ ವಿಧಾನ) ಮೂಲಕ ಒಂದೇ ಲಾಗ್ ಸರ್ವರ್‌ಗೆ ಕಳಿಸುತ್ತಿದ್ದೇವೆ. ಕಳೆದ ವಾರ ಆ ಸರ್ವರ್ ಒಂದು ಗಂಟೆ ನಿಂತುಹೋಯಿತು. ಆ ಒಂದು ಗಂಟೆಯ ಲಾಗ್ ಎಲ್ಲೂ ಇಲ್ಲ. ಜೊತೆಗೆ ಆ್ಯಪ್ ಕೂಡ ಆಗಾಗ ತಡವರಿಸಿತು. ನಮ್ಮ ಮ್ಯಾನೇಜರ್ "ಯುಡಿಪಿಗೆ ಬದಲಾಯಿಸಿ, ಮುಗೀತು" ಅನ್ನುತ್ತಾರೆ. ಅದು ಸರಿಯಾ? ಇನ್ನೊಂದು ವಿಷಯ: ರೈತರ ಹೆಸರುಗಳು ಕನ್ನಡದಲ್ಲಿವೆ. ಆ ಕಡೆ ನೋಡಿದರೆ ಕೆಲವು ಸಾಲುಗಳಲ್ಲಿ ಹೆಸರು ಚಿತ್ರವಿಚಿತ್ರವಾಗಿ ಕಾಣುತ್ತದೆ. ಯಾಕೆ?

ಉತ್ತರ: ನಿಮ್ಮ ಮ್ಯಾನೇಜರ್ ಹೇಳಿದ್ದು ಅರ್ಧ ಸರಿ. ಯುಡಿಪಿ ಅಂದರೆ ಕನೆಕ್ಷನ್ ಕಟ್ಟದೆ, ತಲುಪಿತಾ ಅಂತ ನೋಡದೆ ಕಳಿಸುವ ವಿಧಾನ. ಅದಕ್ಕೆ ಹೋದರೆ ಆ್ಯಪ್ ತಡವರಿಸುವುದು ಬಹುಮಟ್ಟಿಗೆ ನಿಲ್ಲುತ್ತದೆ. ಲಾಗ್ ಕಳೆದುಹೋಗುವುದು ಮಾತ್ರ ನಿಲ್ಲುವುದಿಲ್ಲ, ಜಾಸ್ತಿಯಾಗುತ್ತದೆ. ಈಗ ಕಳೆದುಹೋಗಿದೆ ಅಂತ ನಿಮಗೆ ಗೊತ್ತಾದರೂ ಆಯಿತು. ಆಮೇಲೆ ಅದೂ ಗೊತ್ತಾಗುವುದಿಲ್ಲ.

ನನ್ನ ಸಲಹೆ ಬೇರೆ. ಆ್ಯಪ್ ನೆಟ್‌ವರ್ಕ್ ಗೊಡವೆಗೇ ಹೋಗಬಾರದು. ಅದು ಮೊದಲಿನ ಹಾಗೆ ತನ್ನ ಸರ್ವರ್‌ನ ಫೈಲ್‌ಗೆ ಬರೆಯಲಿ. ಆ ಫೈಲ್ ಓದಿ ದೂರದ ಸರ್ವರ್‌ಗೆ ತಲುಪಿಸುವ ಕೆಲಸ ಇನ್ನೊಂದು ಪ್ರೋಗ್ರಾಂಗೆ ಬಿಡಿ. ಯಾಕೆ ಅಂತ ಹೇಳಬೇಕಾದರೆ ಕಳೆದ ವಾರ ಆ ಗಂಟೆಯಲ್ಲಿ ಒಳಗೆ ಏನು ನಡೆದಿರಬೇಕು ಅನ್ನುವುದನ್ನು ಬಿಡಿಸಿ ನೋಡಬೇಕು.

ಸಾಕೆಟ್‌ಹ್ಯಾಂಡ್ಲರ್ ಪ್ರತಿ ಲಾಗ್ ಸಂದೇಶವನ್ನೂ ಪಿಕಲ್ ಮಾಡಿ (ಪೈಥಾನ್ ವಸ್ತುವನ್ನು ಬೈಟ್‌ಗಳಾಗಿ ಕಟ್ಟಿ), ಮುಂದೆ 4 ಬೈಟ್‌ನಲ್ಲಿ ಉದ್ದ ಬರೆದು, ಟಿಸಿಪಿ ಸಾಕೆಟ್‌ಗೆ ತಳ್ಳುತ್ತದೆ. ಕಳಿಸುವಾಗ ದೋಷ ಬಂದರೆ ಸಾಕೆಟ್ ಮುಚ್ಚುತ್ತದೆ. ಕೈಯಲ್ಲಿದ್ದ ಸಂದೇಶ ಅಲ್ಲಿಗೇ ಹೋಯಿತು. ಅದನ್ನು ಎಲ್ಲೂ ಎತ್ತಿಡುವುದಿಲ್ಲ. ಮುಂದಿನ ಸಂದೇಶ ಬಂದಾಗ ಹೊಸದಾಗಿ ಕನೆಕ್ಟ್ ಆಗಲು ನೋಡುತ್ತದೆ. ಆಗಲಿಲ್ಲ ಅಂದರೆ 1 ಸೆಕೆಂಡ್ ಬಿಟ್ಟು, ಆಮೇಲೆ 2, 4, 8 ಹೀಗೆ ಅಂತರ ದುಪ್ಪಟ್ಟಾಗುತ್ತಾ 30 ಸೆಕೆಂಡ್‌ಗೆ ಹೋಗಿ ನಿಲ್ಲುತ್ತದೆ. ಈ ಅಂತರದ ನಡುವೆ ಬಂದ ಸಂದೇಶಗಳನ್ನೆಲ್ಲಾ ಸುಮ್ನೆ ಬಿಸಾಡುತ್ತದೆ. ಎಲ್ಲೂ ಒಂದು ಎಚ್ಚರಿಕೆಯ ಸಾಲೂ ಬರುವುದಿಲ್ಲ. ಇದು ಬಗ್ ಅಲ್ಲ. ಲಾಗ್‌ಗೋಸ್ಕರ ಆ್ಯಪ್ ಬೀಳಬಾರದು ಅಂತ ಬೇಕಂತಲೇ ಹಾಗೆ ಮಾಡಿದ್ದಾರೆ. ನಿಮ್ಮ ಆ ಒಂದು ಗಂಟೆ ಹೋಗಿದ್ದು ಹೀಗೆ.

ಇನ್ನು ತಡವರಿಸಿದ್ದು. ಪೈಥಾನ್‌ನ ಪ್ರತಿ ಹ್ಯಾಂಡ್ಲರ್‌ಗೂ ಒಂದು ಲಾಕ್ ಇದೆ. ಒಂದು ಥ್ರೆಡ್ (ಪ್ರೋಸೆಸ್ ಒಳಗೆ ಒಟ್ಟೊಟ್ಟಿಗೆ ನಡೆಯುವ ಕೆಲಸದ ಒಂದು ಎಳೆ) ಲಾಗ್ ಬರೆಯುತ್ತಿರುವಾಗ ಅದೇ ಪ್ರೋಸೆಸ್‌ನ ಉಳಿದ ಥ್ರೆಡ್‌ಗಳು ಕಾಯಬೇಕು. ಫೈಲ್‌ಗೆ ಬರೆಯುವಾಗ ಈ ಕಾಯುವಿಕೆ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಆ ಕಡೆಯ ಯಂತ್ರ ಪೂರ್ತಿ ಸತ್ತಿದ್ದು ಏನೂ ಉತ್ತರ ಕೊಡದೆ ಇದ್ದರೆ, ಕನೆಕ್ಟ್ ಮಾಡುವ ಥ್ರೆಡ್ 1 ಸೆಕೆಂಡ್ ಕಾಯುತ್ತದೆ. ಲಾಕ್ ಅದರ ಕೈಯಲ್ಲೇ ಇರುತ್ತದೆ. ಆ ಒಂದು ಸೆಕೆಂಡ್ ಇಡೀ ವರ್ಕರ್ (ಬಂದ ಕೋರಿಕೆಗಳನ್ನು ನಿಭಾಯಿಸುವ ಗುನಿಕಾರ್ನ್ ಪ್ರೋಸೆಸ್) ನಿಂತಿರುತ್ತದೆ. ಗುನಿಕಾರ್ನ್‌ನಲ್ಲಿ ಪ್ರತಿ ವರ್ಕರ್‌ಗೂ ಅದರದೇ ಹ್ಯಾಂಡ್ಲರ್ ಇರುವುದರಿಂದ ಬೇರೆಬೇರೆ ವರ್ಕರ್ ಬೇರೆಬೇರೆ ಹೊತ್ತಿಗೆ ನಿಲ್ಲುತ್ತದೆ. ಹೊರಗಿನಿಂದ ನೋಡಿದವರಿಗೆ "ಆಗಾಗ ಸ್ಲೋ" ಅಂತ ಕಾಣುತ್ತದೆ, ಅಲ್ವಾ?

ಲಾಗ್ ಸರ್ವರನ್ನು ಐಪಿ ಬದಲು ಹೆಸರಿನಿಂದ ಕರೆಯುತ್ತಿದ್ದರೆ ಇದಕ್ಕೆ ಹೆಸರಿನಿಂದ ಐಪಿ ಹುಡುಕಿಕೊಡುವ ಡಿಎನ್‌ಎಸ್ ಕೂಡ ಸೇರುತ್ತದೆ. ಆ 1 ಸೆಕೆಂಡ್‌ನ ಮಿತಿ ಕನೆಕ್ಷನ್‌ಗೆ ಮಾತ್ರ. ಹೆಸರು ಹುಡುಕುವ ಹೊತ್ತಿಗೆ ಅದು ಅನ್ವಯಿಸುವುದಿಲ್ಲ. ಡಿಎನ್‌ಎಸ್ ಸರ್ವರ್ ಉತ್ತರ ಕೊಡದಿದ್ದರೆ ಹಲವು ಸೆಕೆಂಡ್ ಹಾಗೇ ಹೋಗುತ್ತವೆ.

ಟಿಸಿಪಿ ಮೇಲೆ ನಂಬಿಕೆ ಎಷ್ಟಿರಬೇಕು ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. "ಟಿಸಿಪಿ ಅಂದರೆ ಗ್ಯಾರಂಟಿ" ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸೆಂಡ್ ಮಾಡಿದೆ, ದೋಷ ಬರಲಿಲ್ಲ, ಅಂದಮೇಲೆ ತಲುಪಿತು ಅನ್ನುವ ಲೆಕ್ಕ. ಅದು ತಪ್ಪು. ಸೆಂಡ್ ಯಶಸ್ವಿ ಅಂದರೆ ನಿಮ್ಮದೇ ಯಂತ್ರದ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಆ ಬೈಟ್‌ಗಳನ್ನು ತನ್ನ ಬಫರ್‌ಗೆ, ಅಂದರೆ ತಾತ್ಕಾಲಿಕ ಜಾಗಕ್ಕೆ, ತೆಗೆದುಕೊಂಡಿತು ಅಂತ ಮಾತ್ರ. ಬಸ್ಸಿನಲ್ಲಿ ಪಾರ್ಸೆಲ್ ಕಳಿಸಿದ ಹಾಗೆ: ಕಂಡಕ್ಟರ್ ಕೈಗೆ ಕೊಟ್ಟಾಯಿತು ಅಂದಮಾತ್ರಕ್ಕೆ ಊರಲ್ಲಿ ಇಳಿಸಿಕೊಂಡರು ಅಂತಲ್ಲ.

ಆ ಕಡೆಯ ಪ್ರೋಗ್ರಾಂ ಮುಚ್ಚಿಹೋದ ಮೇಲೂ ನಿಮ್ಮ ಮೊದಲ ಸೆಂಡ್ ಸಾಮಾನ್ಯವಾಗಿ ಯಶಸ್ವಿ ಅಂತಲೇ ಬರುತ್ತದೆ. ಅದಕ್ಕೆ ಆ ಕಡೆಯಿಂದ ರೀಸೆಟ್ (ಕನೆಕ್ಷನ್ ಮುರಿದಿದೆ ಅನ್ನುವ ಸೂಚನೆ) ಬಂದ ಮೇಲೆ, ಎರಡನೇ ಸೆಂಡ್‌ನಲ್ಲಿ ದೋಷ ಸಿಗುತ್ತದೆ. ಮೊದಲನೆಯದು ಗಾಳಿಗೆ ಹೋಯಿತು. ಯಂತ್ರದ ಕರೆಂಟೇ ಹೋದರೆ ಇನ್ನೂ ಕಷ್ಟ. ರೀಸೆಟ್ ಕಳಿಸಲೂ ಅಲ್ಲಿ ಯಾರಿಲ್ಲ. ಲಿನಕ್ಸ್ ತನ್ನ ಪಾಡಿಗೆ ಮತ್ತೆಮತ್ತೆ ಕಳಿಸುತ್ತಾ ಇರುತ್ತದೆ. ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ 15 ಸಲ ಪ್ರಯತ್ನ, ಸುಮಾರು 15 ನಿಮಿಷ ಆದ ಮೇಲೆ ಕೈಬಿಡುತ್ತದೆ. ಅಷ್ಟರವರೆಗೆ ಬಫರ್‌ನಲ್ಲಿ ಜಾಗ ಇದ್ದಷ್ಟೂ ನಿಮ್ಮ ಸೆಂಡ್‌ಗಳೆಲ್ಲಾ "ಯಶಸ್ವಿ". ಲಾಗ್ ಸಾಗಿಸುವ ಪ್ರೋಗ್ರಾಂ ಆರ್‌ಸಿಸ್‌ಲಾಗ್ ಬರೆದ ರೈನರ್ ಗೆರ್ಹಾರ್ಡ್ಸ್ ಇದೇ ಕಾರಣಕ್ಕೆ ರೆಲ್ಪ್ ಅಂತ ಬೇರೆ ಪ್ರೋಟೋಕಾಲನ್ನೇ ಮಾಡಿದರು. ಅದರಲ್ಲಿ ತೆಗೆದುಕೊಳ್ಳುವ ಪ್ರೋಗ್ರಾಂ "ನನಗೆ ಸಿಕ್ಕಿತು" ಅಂತ ವಾಪಸ್ ಹೇಳಿದ ಮೇಲೆಯೇ ಕಳಿಸುವವನು ಆ ಸಂದೇಶವನ್ನು ಮರೆಯುತ್ತಾನೆ.

ಸುಮ್ಮನಿರುವ ಕನೆಕ್ಷನ್‌ದೂ ಒಂದು ಕಾಟ ಇದೆ. ರಾತ್ರಿ ಹೊತ್ತು ಸಂಘಗಳ ಕೆಲಸ ಇಲ್ಲ, ಲಾಗೂ ಇಲ್ಲ ಅಂದುಕೊಳ್ಳಿ. ನಡುವಿನ ಫೈರ್‌ವಾಲ್ ಅಥವಾ ಲೋಡ್ ಬ್ಯಾಲೆನ್ಸರ್ ಆ ಕನೆಕ್ಷನ್ ಮರೆತುಬಿಡುತ್ತದೆ. ಅಮೆಜಾನ್‌ನ ನೆಟ್‌ವರ್ಕ್ ಲೋಡ್ ಬ್ಯಾಲೆನ್ಸರ್ ಡಿಫಾಲ್ಟ್ ಆಗಿ 350 ಸೆಕೆಂಡ್‌ಗೇ ಮರೆಯುತ್ತದೆ. ಕನೆಕ್ಷನ್ ಜೀವಂತ ಇದೆಯಾ ಅಂತ ನೋಡುವ ಲಿನಕ್ಸ್‌ನ ಟಿಸಿಪಿ ಕೀಪ್‌ಅಲೈವ್, ಆನ್ ಮಾಡಿದರೂ, ಡಿಫಾಲ್ಟ್‌ನಲ್ಲಿ 2 ಗಂಟೆ ಬಿಟ್ಟು ಬಾಗಿಲು ಬಡಿಯುತ್ತದೆ. ಬೆಳಗಿನ ಜಾವ ಹಾಲು ಬರಲು ಶುರುವಾದಾಗ ಮೊದಲ ಕೆಲವು ಸಂದೇಶಗಳು ಮಾಯವಾಗುತ್ತಿದ್ದರೆ ಇದನ್ನು ಅನುಮಾನಿಸಿ.

ಈಗ ಯುಡಿಪಿ. ಕನೆಕ್ಷನ್ ಇಲ್ಲ, ಕಾಯುವುದಿಲ್ಲ, ಕಳಿಸಿ ಮರೆತುಬಿಡುತ್ತದೆ. 1980ರ ದಶಕದಲ್ಲಿ ಎರಿಕ್ ಆಲ್ಮನ್ ಸೆಂಡ್‌ಮೇಲ್ ಅನ್ನುವ ಇಮೇಲ್ ಪ್ರೋಗ್ರಾಂಗೋಸ್ಕರ ಮಾಡಿದ ಲಾಗ್ ವ್ಯವಸ್ಥೆ ಸಿಸ್‌ಲಾಗ್ ಮುಂದೆ ಓಡಿದ್ದು ಯುಡಿಪಿ 514ನೇ ಪೋರ್ಟ್‌ನಲ್ಲೇ. ರೂಟರ್, ಸ್ವಿಚ್‌ಗಳು ಇವತ್ತಿಗೂ ಹೀಗೇ ಕಳಿಸುತ್ತವೆ. ಅವುಗಳ ಕೆಲಸಕ್ಕೆ ಅದು ಸರಿ. ನಿಮ್ಮ ಬಿಲ್ಲಿಂಗ್‌ಗೆ ಅಲ್ಲ.

ಯುಡಿಪಿ ಸಂದೇಶಗಳು ದಾರಿಯಲ್ಲಿ ಕಳೆದುಹೋಗುತ್ತವೆ ಅಂತ ಜನ ಅಂದುಕೊಳ್ಳುತ್ತಾರೆ. ಒಂದೇ ಆಫೀಸಿನ ನೆಟ್‌ವರ್ಕ್‌ನಲ್ಲಿ ದಾರಿಯಲ್ಲಿ ಕಳೆದುಹೋಗುವುದು ಕಡಿಮೆ. ಜಾಸ್ತಿ ಕಳೆದುಹೋಗುವುದು ಆ ಕಡೆಯ ಯಂತ್ರದ ಹೊಸ್ತಿಲಲ್ಲಿ. ಲಾಗ್ ಪ್ರೋಗ್ರಾಂ ಡಿಸ್ಕ್‌ಗೆ ಬರೆಯುತ್ತಾ ಸ್ವಲ್ಪ ಹಿಂದೆ ಬಿದ್ದರೂ ಸಾಕು, ಸಾಕೆಟ್‌ನ ಬಫರ್ ತುಂಬುತ್ತದೆ. ಸಾಮಾನ್ಯ ಲಿನಕ್ಸ್‌ನಲ್ಲಿ ಅದರ ಗಾತ್ರ 212992 ಬೈಟ್, ಅಂದರೆ 208 ಕೆಬಿ ಮಾತ್ರ. ತುಂಬಿದ ಮೇಲೆ ಬಂದದ್ದನ್ನು ಕರ್ನಲ್ ಬಿಸಾಡುತ್ತದೆ. ಇದು ಯಾವಾಗ ಆಗುತ್ತದೆ ಗೊತ್ತಾ? ಏನೋ ಕೆಟ್ಟು, ಎಲ್ಲಾ ಸರ್ವರ್‌ಗಳೂ ಒಟ್ಟಿಗೇ ಎರರ್ ಕೂಗುವಾಗ. ಲಾಗ್ ನಿಮಗೆ ಬೇಕಾಗುವುದೂ ಆಗಲೇ. ಈಗಾಗಲೇ ಎಲ್ಲಾದರೂ ಯುಡಿಪಿ ಬಳಸುತ್ತಿದ್ದರೆ ಆ ಕಡೆಯ ಯಂತ್ರದಲ್ಲಿ ನೆಟ್‌ಸ್ಟ್ಯಾಟ್ ಹಾಕಿ ಯುಡಿಪಿಯ ಲೆಕ್ಕ ನೋಡಿ. ಅಲ್ಲಿ "ರಿಸೀವ್ ಬಫರ್ ಎರರ್ಸ್" ಅಂತ ಒಂದು ಸಾಲು ಇರುತ್ತದೆ. ಆ ಸಂಖ್ಯೆ ಏರುತ್ತಿದ್ದರೆ ಅಷ್ಟು ಹೋಗಿದೆ ಅಂತ ಅರ್ಥ.

ಉದ್ದದ್ದೂ ತೊಂದರೆಯೇ. ಈಥರ್‌ನೆಟ್‌ನ 1500 ಬೈಟ್‌ನಲ್ಲಿ ಐಪಿ, ಯುಡಿಪಿ ತಲೆಬರಹ ಕಳೆದರೆ 1472 ಬೈಟ್ ಉಳಿಯುತ್ತದೆ. ಅದಕ್ಕಿಂತ ದೊಡ್ಡ ಸಂದೇಶ ತುಂಡಾಗಿ ಹೋಗುತ್ತದೆ, ಒಂದು ತುಂಡು ಹೋದರೆ ಇಡೀ ಸಂದೇಶ ಹೋಯಿತು. ಜಾಂಗೋದ ಟ್ರೇಸ್‌ಬ್ಯಾಕ್ (ದೋಷ ಎಲ್ಲಿಂದ ಬಂತು ಅಂತ ತೋರಿಸುವ ಸಾಲುಗಳು) ಎಷ್ಟು ಉದ್ದ ಇರುತ್ತದೆ ಅಂತ ನಿಮಗೇ ಗೊತ್ತು. ಇನ್ನು ಯುಡಿಪಿಗೆ ತಡವೇ ಇಲ್ಲ ಅನ್ನುವುದೂ ಪೂರ್ತಿ ನಿಜ ಅಲ್ಲ. ಕನೆಕ್ಷನ್ ಇಲ್ಲದ ಕಾರಣ, ಹೆಸರು ಕೊಟ್ಟಿದ್ದರೆ ಪ್ರತಿ ಸಂದೇಶಕ್ಕೂ ಡಿಎನ್‌ಎಸ್ ಕೇಳಬೇಕಾಗಬಹುದು ಅಂತ ಪೈಥಾನ್‌ನ ದಾಖಲೆಯಲ್ಲೇ ಬರೆದಿದೆ. ಐಪಿ ಕೊಡಿ ಅನ್ನುವುದು ಅದರದೇ ಸಲಹೆ.

ಫೈಲ್‌ಗೆ ಬರೆಸಿ, ಕಳಿಸಲು ಬೇರೆಯವರನ್ನು ಇಡಿ

ಫೈಲ್ ಅಂದರೆ ಹಳೇ ಕಾಲದ್ದು ಅಂತ ಅನಿಸಬಹುದು. ಲೆಕ್ಕ ಹಾಕಿ ನೋಡಿ. ಒಂದು ಸರ್ವರ್ ಸೆಕೆಂಡ್‌ಗೆ 200 ಸಂದೇಶ ಬರೆಯುತ್ತದೆ, ಒಂದೊಂದೂ 500 ಬೈಟ್ ಅಂತ ಇಟ್ಟುಕೊಳ್ಳೋಣ. ಸೆಕೆಂಡ್‌ಗೆ 100 ಕೆಬಿ ಆಯಿತು. ಮೆಮರಿಯಲ್ಲಿ 10,000 ಸಂದೇಶದ ಕ್ಯೂ ಇಟ್ಟರೆ 50 ಸೆಕೆಂಡ್‌ಗೆ ತುಂಬುತ್ತದೆ. ಡಿಸ್ಕ್‌ನಲ್ಲಿ 10 ಜಿಬಿ ಬಿಟ್ಟುಕೊಟ್ಟರೆ 27 ಗಂಟೆಗಿಂತ ಜಾಸ್ತಿ ತಡೆಯುತ್ತದೆ. ಲಾಗ್ ಸರ್ವರ್ ಶನಿವಾರ ರಾತ್ರಿ ಬಿದ್ದರೆ ಭಾನುವಾರ ಎದ್ದು, ಕಾಫಿ ಕುಡಿದು, ನಿಧಾನಕ್ಕೆ ಸರಿ ಮಾಡಬಹುದು. ಆ್ಯಪ್‌ಗೆ ಅದರ ಸುದ್ದಿಯೇ ಗೊತ್ತಾಗುವುದಿಲ್ಲ. ಪ್ರೋಸೆಸ್ ಸತ್ತರೂ, ಮೆಮರಿ ಸಾಲದೆ ಕರ್ನಲ್ಲೇ ಅದನ್ನು ಕೊಂದರೂ, ಫೈಲ್‌ಗೆ ಬರೆದ ಕೊನೆಯ ಸಾಲು ಉಳಿದಿರುತ್ತದೆ.

ಕಳಿಸಲು ಫ್ಲುಯೆಂಟ್ ಬಿಟ್, ಫೈಲ್‌ಬೀಟ್, ವೆಕ್ಟರ್, ಆರ್‌ಸಿಸ್‌ಲಾಗ್ ಇವುಗಳಲ್ಲಿ ಯಾವುದಾದರೂ ಆಗುತ್ತದೆ. 6 ಸರ್ವರ್‌ಗೆ ನಾನಾದರೆ ಆರ್‌ಸಿಸ್‌ಲಾಗ್ ಅಥವಾ ಫ್ಲುಯೆಂಟ್ ಬಿಟ್ ಹಾಕುತ್ತೇನೆ. ಎರಡೂ ಹಗುರ. ಆದರೆ ಯಾವುದನ್ನು ಹಾಕಿದರೂ ಡಿಫಾಲ್ಟ್ ಸೆಟ್ಟಿಂಗ್ ನಂಬಬೇಡಿ. ಫ್ಲುಯೆಂಟ್ ಬಿಟ್‌ನಲ್ಲಿ ಫೈಲ್ ಓದುವ ಭಾಗಕ್ಕೆ ಡಿಬಿ ಅನ್ನುವ ಸೆಟ್ಟಿಂಗ್ ಕೊಡದಿದ್ದರೆ ಎಲ್ಲಿಯವರೆಗೆ ಓದಿದೆ ಅನ್ನುವುದನ್ನು ಅದು ನೆನಪಿಡುವುದಿಲ್ಲ. ರೀಸ್ಟಾರ್ಟ್ ಆದರೆ ನಡುವಿನದು ಹೋಗಬಹುದು. ಫಾರ್ವರ್ಡ್ ಪ್ರೋಟೋಕಾಲ್‌ನಲ್ಲಿ ಕಳಿಸುವುದಾದರೆ, ಆ ಕಡೆಯಿಂದ ಉತ್ತರ ಬರುವವರೆಗೆ ಕಾಯುವ ಆಯ್ಕೆ ಇದೆ. ಅದು ಡಿಫಾಲ್ಟ್ ಆಗಿ ಆಫ್. ಆನ್ ಮಾಡಿ. ಆರ್‌ಸಿಸ್‌ಲಾಗ್‌ನಲ್ಲಿ ಕಳಿಸುವ ಭಾಗಕ್ಕೆ ಡಿಸ್ಕ್ ಕ್ಯೂ ಕೊಡಿ, ಮರುಪ್ರಯತ್ನದ ಸಂಖ್ಯೆಯನ್ನು ಮೈನಸ್ 1 ಮಾಡಿ. ಅಂದರೆ ಎಂದಿಗೂ ಕೈಬಿಡಬೇಡ ಅಂತ. ಎರಡೂ ಕಡೆ ಆರ್‌ಸಿಸ್‌ಲಾಗ್ ಇದ್ದರೆ ಸಾದಾ ಟಿಸಿಪಿ ಬಿಟ್ಟು ರೆಲ್ಪ್ ಹಾಕಿ.

ಉತ್ತರ ಕಾಯುವ ಪ್ರೋಟೋಕಾಲ್‌ಗಳಲ್ಲಿ ಒಂದೇ ಸಂದೇಶ ಆಗಾಗ ಎರಡು ಸಲ ಬರುತ್ತದೆ. ಸಂದೇಶ ತಲುಪಿ, "ಸಿಕ್ಕಿತು" ಅನ್ನುವ ಉತ್ತರ ದಾರಿಯಲ್ಲಿ ಕಳೆದರೆ ಹಾಗಾಗುತ್ತದೆ. ಎರಡು ಸಲ ಬಂದದ್ದನ್ನು ತೆಗೆಯಬಹುದು. ಬಾರದೆ ಇದ್ದದ್ದನ್ನು ಎಲ್ಲಿಂದ ತರುತ್ತೀರಿ?

ಫೈಲ್ ತಿರುಗಿಸುವಾಗ, ಅಂದರೆ ಹಳೆಯದನ್ನು ಪಕ್ಕಕ್ಕಿಟ್ಟು ಹೊಸದು ಶುರು ಮಾಡುವಾಗ, ಹುಷಾರು. ಪೈಥಾನ್‌ನ ರೊಟೇಟಿಂಗ್‌ಫೈಲ್‌ಹ್ಯಾಂಡ್ಲರ್ ಒಂದೇ ಪ್ರೋಸೆಸ್‌ಗೆ ಸರಿ. ಗುನಿಕಾರ್ನ್‌ನ ನಾಲ್ಕೆಂಟು ವರ್ಕರ್‌ಗಳು ಒಂದೇ ಫೈಲನ್ನು ತಿರುಗಿಸಲು ಹೋದರೆ ಒಬ್ಬರ ಕಾಲು ಒಬ್ಬರು ತುಳಿಯುತ್ತಾರೆ. ವಾಚ್ಡ್‌ಫೈಲ್‌ಹ್ಯಾಂಡ್ಲರ್ ಬಳಸಿ, ತಿರುಗಿಸುವುದನ್ನು ಲಾಗ್‌ರೊಟೇಟ್‌ಗೆ ಬಿಡಿ. ಲಾಗ್‌ರೊಟೇಟ್‌ನಲ್ಲಿ ಕಾಪಿಟ್ರಂಕೇಟ್ ಬೇಡ. ನಕಲು ಮಾಡಿ ಖಾಲಿ ಮಾಡುವ ನಡುವಿನ ಕ್ಷಣದಲ್ಲಿ ಬರೆದದ್ದು ಹೋಗುತ್ತದೆ. ಡಿಸ್ಕ್ ತುಂಬದ ಹಾಗೆ ಗಾತ್ರದ ಮಿತಿ ಇಡಿ. ಸಾಧ್ಯವಾದರೆ ಲಾಗ್‌ಗೆ ಬೇರೆ ಪಾರ್ಟಿಷನ್ ಕೊಡಿ, ಲಾಗ್ ಉಕ್ಕಿ ಡೇಟಾಬೇಸ್ ಮುಳುಗಬಾರದು.

ನೇರವಾಗಿಯೇ ಕಳಿಸಬೇಕು ಅಂದರೆ

ಕೆಲವೊಮ್ಮೆ ಫೈಲ್ ಇಡುವ ಅವಕಾಶವೇ ಇರುವುದಿಲ್ಲ. ಆಗ ಆ್ಯಪ್ ಮತ್ತು ನೆಟ್‌ವರ್ಕ್ ನಡುವೆ ಒಂದು ಕ್ಯೂ ಇಡಿ. ಪೈಥಾನ್ 3.2ರಿಂದಲೇ ಕ್ಯೂಹ್ಯಾಂಡ್ಲರ್, ಕ್ಯೂಲಿಸನರ್ ಅಂತ ಎರಡು ಇವೆ. ಆ್ಯಪ್‌ನ ಥ್ರೆಡ್ ಸಂದೇಶವನ್ನು ಕ್ಯೂಗೆ ಹಾಕಿ ತನ್ನ ಕೆಲಸಕ್ಕೆ ಹೋಗುತ್ತದೆ. ಹಿಂದಿನ ಒಂದು ಥ್ರೆಡ್ ಮಾತ್ರ ನೆಟ್‌ವರ್ಕ್ ಜೊತೆ ಗುದ್ದಾಡುತ್ತದೆ.

ಕ್ಯೂಗೆ ಮಿತಿ ಇಡಲೇಬೇಕು. ನೆಟ್ಟಿನಲ್ಲಿ ಸಿಗುವ ಉದಾಹರಣೆಗಳಲ್ಲಿ ಮೈನಸ್ 1 ಅಂತ ಬರೆದಿರುತ್ತಾರೆ. ಅಂದರೆ ಮಿತಿ ಇಲ್ಲ. ಲಾಗ್ ಸರ್ವರ್ ಬಿದ್ದರೆ ಕ್ಯೂ ಬೆಳೆಯುತ್ತಾ ಮೆಮರಿ ತಿಂದು ಕೊನೆಗೆ ಆ್ಯಪನ್ನೇ ಮಲಗಿಸುತ್ತದೆ. ಮಿತಿ ಇಟ್ಟಿದ್ದೀರಿ, ಕ್ಯೂ ತುಂಬಿತು, ಆಗ ಏನು ಬಿಸಾಡಬೇಕು ಅನ್ನುವುದನ್ನು ಈಗಲೇ ಕೂತು ತೀರ್ಮಾನಿಸಿ. ಡಿಬಗ್, ಇನ್ಫೋ ಹೋದರೆ ಹೋಗಲಿ. ಎರರ್ ಆದಷ್ಟು ಉಳಿಯಲಿ. ಎಷ್ಟು ಬಿಸಾಡಿದೆ ಅಂತ ಒಂದು ಲೆಕ್ಕ ಇಟ್ಟು, ಲೈನ್ ಮತ್ತೆ ಬಂದಾಗ "ಇಷ್ಟು ಸಂದೇಶ ಬಿಟ್ಟುಹೋಗಿವೆ" ಅಂತ ಒಂದು ಸಾಲು ಕಳಿಸಿ. ಆ ಒಂದು ಸಾಲು ಇಲ್ಲದಿದ್ದರೆ ಆಮೇಲೆ ಲಾಗ್ ಓದುವವನು ಆ ಹೊತ್ತು ಏನೂ ನಡೆಯಲಿಲ್ಲ ಅಂದುಕೊಳ್ಳುತ್ತಾನೆ.

"ಯಾರು ಯಾವ ರೈತನ ಫ್ಯಾಟ್ ರೀಡಿಂಗ್ ತಿದ್ದಿದರು" ಅನ್ನುವಂಥ ದಾಖಲೆ ಇದ್ದರೆ ಅದು ಲಾಗ್ ಅಲ್ಲ, ಲೆಕ್ಕಪತ್ರ. ಅದನ್ನು ಬಿಲ್ ಬರೆಯುವ ಅದೇ ಟ್ರಾನ್ಸಾಕ್ಷನ್‌ನಲ್ಲಿ ಡೇಟಾಬೇಸ್‌ಗೆ ಬರೆಯಿರಿ. ಲಾಗ್ ದಾರಿಯನ್ನು ಅದಕ್ಕಾಗಿ ನಂಬಬೇಡಿ.

ಗುನಿಕಾರ್ನ್ ಬಳಸುವವರು ಎಡವುವ ಜಾಗ ಒಂದಿದೆ. ಪ್ರೀಲೋಡ್ ಹಾಕಿದ್ದರೆ ಆ್ಯಪ್ ಮೊದಲು ಮಾಸ್ಟರ್‌ನಲ್ಲಿ ಲೋಡ್ ಆಗಿ ಆಮೇಲೆ ವರ್ಕರ್‌ಗಳಾಗಿ ಫೋರ್ಕ್ ಆಗುತ್ತದೆ, ಅಂದರೆ ನಕಲಾಗುತ್ತದೆ. ಥ್ರೆಡ್‌ಗಳು ಫೋರ್ಕ್ ದಾಟಿ ಬರುವುದಿಲ್ಲ. ಮಾಸ್ಟರ್‌ನಲ್ಲಿ ಶುರು ಮಾಡಿದ ಲಿಸನರ್ ಥ್ರೆಡ್ ವರ್ಕರ್‌ನಲ್ಲಿ ಇರುವುದೇ ಇಲ್ಲ. ಕ್ಯೂ ತುಂಬುತ್ತದೆ, ಖಾಲಿ ಮಾಡುವವರಿಲ್ಲ. ಸಾಕೆಟ್‌ನ ಕಥೆ ಉಲ್ಟಾ. ಮಾಸ್ಟರ್ ಫೋರ್ಕ್‌ಗೆ ಮುಂಚೆ ಒಂದು ಸಾಲು ಲಾಗ್ ಮಾಡಿದ್ದರೂ ಸಾಕೆಟ್ ತೆರೆದಿರುತ್ತದೆ, ಅದೇ ಸಾಕೆಟ್ ಎಲ್ಲಾ ವರ್ಕರ್‌ಗೂ ಹೋಗುತ್ತದೆ. ಎಲ್ಲರೂ ಒಂದೇ ಕೊಳವೆಗೆ ಸುರಿದಾಗ ಬೈಟ್‌ಗಳು ಒಂದರೊಳಗೊಂದು ಸೇರಬಹುದು, ಆ ಕಡೆ ಉದ್ದದ ಲೆಕ್ಕ ತಪ್ಪಿ ಎಲ್ಲಾ ಕಲಸುಮೇಲೋಗರ. ಪರಿಹಾರ ಸುಲಭ: ಪೋಸ್ಟ್‌ಫೋರ್ಕ್ ಹುಕ್‌ನಲ್ಲಿ ಪ್ರತಿ ವರ್ಕರ್‌ಗೂ ಲಾಗಿಂಗ್ ಹೊಸದಾಗಿ ಕಟ್ಟಿ. ವರ್ಕರ್ ಮುಚ್ಚುವಾಗ ಲಿಸನರ್‌ಗೆ ಸ್ಟಾಪ್ ಹೇಳುವುದನ್ನೂ ಮರೆಯಬೇಡಿ. ಇಲ್ಲದಿದ್ದರೆ ಕ್ಯೂನಲ್ಲಿ ಉಳಿದ ಕೊನೆಯ ಸಾಲುಗಳು ಹೋಗುತ್ತವೆ, ಯಾಕೆ ಮುಚ್ಚಿತು ಅನ್ನುವುದು ಅದರಲ್ಲೇ ಇರುತ್ತದೆ.

ಎಚ್‌ಟಿಟಿಪಿಯಲ್ಲಿ ಕಳಿಸುವವರಿಗೆ ಇನ್ನೊಂದು: ಕಳಿಸುವ ಲೈಬ್ರರಿಯೂ ಡಿಬಗ್ ಮಟ್ಟದಲ್ಲಿ ತನ್ನದೇ ಲಾಗ್ ಬರೆಯುತ್ತದೆ. ಆ ಲಾಗನ್ನು ಕಳಿಸಲು ಮತ್ತೆ ಅದೇ ಲೈಬ್ರರಿ, ಮತ್ತೆ ಲಾಗ್. ಕೊನೆಯೇ ಇಲ್ಲ. ಆ ಲೈಬ್ರರಿಯ ಲಾಗರನ್ನು ಈ ದಾರಿಯಿಂದ ಹೊರಗಿಡಿ.

ಸಾಕೆಟ್‌ಹ್ಯಾಂಡ್ಲರ್ ಬಿಟ್ಟು ಸಿಸ್‌ಲಾಗ್‌ಹ್ಯಾಂಡ್ಲರ್‌ಗೆ ಹೋಗೋಣ ಅಂತ ನಿಮಗೆ ಅನಿಸಬಹುದು. ಅದರಲ್ಲಿ ಟಿಸಿಪಿ ಆರಿಸಿದರೆ ಒಂದು ಗುಂಡಿ ಇದೆ. ಟಿಸಿಪಿಯಲ್ಲಿ ಸಂದೇಶ ಅನ್ನುವ ಕಲ್ಪನೆಯೇ ಇಲ್ಲ, ಬರೀ ಬೈಟ್‌ಗಳ ಹರಿವು. ಒಂದು ಸಂದೇಶ ಎಲ್ಲಿ ಮುಗಿಯಿತು ಅಂತ ಯಾರಾದರೂ ಹೇಳಬೇಕು. 2012ರ ಇಂಟರ್ನೆಟ್ ಪ್ರೋಟೋಕಾಲ್ ದಾಖಲೆ ಆರ್‌ಎಫ್‌ಸಿ 6587 ಇದಕ್ಕೆ ಎರಡು ದಾರಿ ವಿವರಿಸುತ್ತದೆ: ಮೊದಲೇ ಉದ್ದ ಹೇಳುವುದು, ಅಥವಾ ಕೊನೆಗೆ ಹೊಸಸಾಲಿನ ಗುರುತು ಹಾಕುವುದು. ಪೈಥಾನ್‌ನ ಹ್ಯಾಂಡ್ಲರ್ ಡಿಫಾಲ್ಟ್ ಆಗಿ ಕೊನೆಗೆ ಸೊನ್ನೆ ಬೈಟ್ ಹಾಕುತ್ತದೆ, ಹೊಸಸಾಲು ಹಾಕುವುದಿಲ್ಲ. ಆರ್‌ಸಿಸ್‌ಲಾಗ್ ಹೊಸಸಾಲಿಗೆ ಕಾಯುತ್ತಾ ಕೂರುತ್ತದೆ. ಸಂದೇಶಗಳು ಒಂದಕ್ಕೊಂದು ಅಂಟಿಕೊಂಡು ಬರುತ್ತವೆ, ನಡುವೆ ಹ್ಯಾಶ್ ಗುರುತಿನ ಜೊತೆ 000 ಅಂತ ಕಾಣುತ್ತದೆ. ಸೊನ್ನೆ ಬೈಟ್ ಆಫ್ ಮಾಡಿ, ಫಾರ್ಮ್ಯಾಟ್‌ನ ಕೊನೆಗೆ ಹೊಸಸಾಲು ಸೇರಿಸಿದರೆ ಸರಿಹೋಗುತ್ತದೆ. ಆಗ ಟ್ರೇಸ್‌ಬ್ಯಾಕ್ ಮೂವತ್ತು ಸಾಲಾದರೆ ಆ ಕಡೆ ಮೂವತ್ತು ಬೇರೆಬೇರೆ ಸಂದೇಶ ಬೀಳುತ್ತದೆ. ಅದಕ್ಕೇ ಪ್ರತಿ ಸಂದೇಶವನ್ನೂ ಒಂದೇ ಸಾಲಿನ ಜೇಸನ್ (ಹೆಸರು-ಮೌಲ್ಯ ಜೋಡಿಗಳ ಪಠ್ಯ ರೂಪ) ಮಾಡಿ. ಯಾರೋ ಫಾರಂನಲ್ಲಿ ಹೊಸಸಾಲು ತುರುಕಿ ಸುಳ್ಳು ಲಾಗ್ ಸಾಲು ಹುಟ್ಟಿಸುವುದೂ ಇದರಿಂದ ತಪ್ಪುತ್ತದೆ.

ನೀವು ಕೇಳದಿದ್ದರೂ ಹೇಳಲೇಬೇಕಾದ್ದು

ಸಾಕೆಟ್‌ಹ್ಯಾಂಡ್ಲರ್‌ನ ಡಿಫಾಲ್ಟ್ ಪೋರ್ಟ್ 9020. ಆ ಕಡೆ ಪೈಥಾನ್ ದಾಖಲೆಯಲ್ಲಿರುವ ಉದಾಹರಣೆ ಸರ್ವರನ್ನೇ ಓಡಿಸುತ್ತಿದ್ದೀರಿ ಅಂತ ನನ್ನ ಊಹೆ. ಅದು ಬಂದದ್ದನ್ನೆಲ್ಲಾ ಅನ್‌ಪಿಕಲ್ ಮಾಡುತ್ತದೆ. ಪಿಕಲ್ ಬರೀ ಡೇಟಾ ಅಲ್ಲ. ಅದನ್ನು ಬಿಚ್ಚುವಾಗ ಯಾವ ಕೋಡ್ ಬೇಕಾದರೂ ಓಡುವ ಹಾಗೆ ಕಟ್ಟಬಹುದು. ಆ ಪೋರ್ಟ್ ಮುಟ್ಟಬಲ್ಲ ಯಾರೇ ಆಗಲಿ ನಿಮ್ಮ ಲಾಗ್ ಸರ್ವರ್ ಮೇಲೆ ತಮಗೆ ಬೇಕಾದ್ದನ್ನು ಓಡಿಸಬಹುದು. ಜಾವಾದ ಲಾಗ್‌4ಜೆ 1.2ರಲ್ಲಿದ್ದ ಸಾಕೆಟ್‌ಸರ್ವರ್‌ನಲ್ಲಿ ಇದೇ ಜಾತಿಯ ದೋಷ ಸಿಕ್ಕಿ, ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2019-17571 ಅಂತ ದಾಖಲಾಯಿತು. ಇವತ್ತೇ ಫೈರ್‌ವಾಲ್‌ನಲ್ಲಿ ಆ ಪೋರ್ಟನ್ನು ನಿಮ್ಮ 6 ಐಪಿಗಳಿಗೆ ಮಾತ್ರ ಬಿಡಿ. ಆಮೇಲೆ ಜೇಸನ್‌ಗೆ ಹೋಗಿ. ಸರ್ವರ್‌ಗಳು ಬೇರೆ ಊರಿನಲ್ಲಿದ್ದು ಲಾಗ್ ಇಂಟರ್ನೆಟ್ ಮೇಲೆ ಓಡಾಡುತ್ತಿದ್ದರೆ ಟಿಎಲ್‌ಎಸ್ (ದಾರಿಯಲ್ಲಿ ಯಾರೂ ಓದದ ಹಾಗೆ ಗೂಢಲಿಪಿ ಮಾಡುವ ವಿಧಾನ) ಬೇಕೇ ಬೇಕು. ಸಿಸ್‌ಲಾಗ್‌ಗೆ ಅದರ ಪೋರ್ಟ್ 6514.

ಲಾಗ್ ಒಂದೇ ಕಡೆ ಸೇರಿತು ಅಂದರೆ ಅದರಲ್ಲಿರುವ ಗುಟ್ಟುಗಳೂ ಒಂದೇ ಕಡೆ ಸೇರಿದವು. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೂ ಪಾಸ್‌ವರ್ಡ್ ಬದಲಾಯಿಸಿ ಅಂತ ಹೇಳಬೇಕಾಯಿತು. ಕಾರಣ, ಪಾಸ್‌ವರ್ಡ್‌ಗಳು ಒಳಗಿನ ಒಂದು ಲಾಗ್‌ನಲ್ಲಿ ಹಾಗೇ ಬರೆದುಹೋಗಿದ್ದವು. ನಿಮ್ಮಲ್ಲಿ ಆಧಾರ್, ಬ್ಯಾಂಕ್ ಖಾತೆ ನಂಬರ್ ಇರುತ್ತದೆ. ಅದು ಸರ್ವರ್ ಬಿಟ್ಟು ಹೊರಡುವ ಮುಂಚೆಯೇ, ಲಾಗಿಂಗ್ ಫಿಲ್ಟರ್‌ನಲ್ಲೇ ಮುಚ್ಚಿ.

ಎಷ್ಟು ದಿನ ಇಡಬೇಕು? 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನದಂತೆ ಕಂಪನಿಗಳು ತಮ್ಮ ವ್ಯವಸ್ಥೆಗಳ ಲಾಗನ್ನು 180 ದಿನ ಭಾರತದೊಳಗೆ ಇಡಬೇಕು. ಮೇಲಿನ ಲೆಕ್ಕದಲ್ಲೇ ಹೋದರೆ ಒಂದು ಸರ್ವರ್‌ಗೆ ದಿನಕ್ಕೆ 8.6 ಜಿಬಿ, ಆರಕ್ಕೆ ಸುಮಾರು 52 ಜಿಬಿ, 180 ದಿನಕ್ಕೆ 9.3 ಟಿಬಿ. ಲಾಗ್ ಚೆನ್ನಾಗಿ ಕುಗ್ಗುತ್ತದೆ, ಒತ್ತಿ ಇಟ್ಟರೆ ಇಷ್ಟು ಬೇಕಾಗುವುದಿಲ್ಲ. ಆದರೂ ಡಿಸ್ಕ್ ತರುವ ಮುಂಚೆ ಈ ಗುಣಾಕಾರ ಒಮ್ಮೆ ಮಾಡಿ.

ಅದೇ ನಿರ್ದೇಶನ ಗಡಿಯಾರವನ್ನು ಸರ್ಕಾರಿ ಸಂಸ್ಥೆಗಳಾದ ಎನ್‌ಐಸಿ ಅಥವಾ ಎನ್‌ಪಿಎಲ್‌ನ ಎನ್‌ಟಿಪಿ (ಸಮಯ ತಿಳಿಸುವ) ಸರ್ವರ್‌ಗೆ ಹೊಂದಿಸಿ ಅನ್ನುತ್ತದೆ. ಕಾನೂನು ಬಿಡಿ, ಆರು ಸರ್ವರ್‌ನ ಸಾಲುಗಳನ್ನು ಒಟ್ಟಿಗೆ ಓದಲಾದರೂ ಇದು ಬೇಕು. ಹಳೆಯ ಸಿಸ್‌ಲಾಗ್ ರೂಪದಲ್ಲಿ ಸಮಯಕ್ಕೆ ವರ್ಷವೂ ಇಲ್ಲ, ಟೈಮ್‌ಜೋನೂ ಇಲ್ಲ. ಪೈಥಾನ್‌ನ ಮಾಮೂಲಿ ಸಮಯದಲ್ಲೂ ಜೋನ್ ಇರುವುದಿಲ್ಲ. ಒಂದು ಸರ್ವರ್ ಯುಟಿಸಿ, ಇನ್ನೊಂದು ನಮ್ಮ ಸಮಯ ಅಂದರೆ ಘಟನೆಗಳ ನಡುವೆ ಐದೂವರೆ ಗಂಟೆ ಅಂತರ ಬಿದ್ದು, ಕಾರಣಕ್ಕಿಂತ ಮುಂಚೆ ಪರಿಣಾಮ ಕಾಣುತ್ತದೆ. ಸಮಯದ ಜೊತೆ +05:30 ಅಂತ ಬರೆಯಿಸಿ.

ಎಲ್ಲಾ ಕಟ್ಟಿದ ಮೇಲೆ ಪರೀಕ್ಷೆ ಮಾಡುವಾಗ ಲಾಗ್ ಸರ್ವಿಸನ್ನು ನಿಲ್ಲಿಸಿ ನೋಡಿ ಸುಮ್ಮನಾಗಬೇಡಿ. ಸರ್ವಿಸ್ ನಿಲ್ಲಿಸಿದರೆ ಆ ಕಡೆಯ ಕರ್ನಲ್ ಜೀವಂತ ಇರುತ್ತದೆ, ತಕ್ಷಣ "ಇಲ್ಲಿ ಯಾರೂ ಇಲ್ಲ" ಅನ್ನುತ್ತದೆ. ಅದು ಸುಲಭದ ಸಾವು. ನಿಜವಾದ ಕಾಟ ಮೌನದ್ದು. ಲಿನಕ್ಸ್‌ನ ಫೈರ್‌ವಾಲ್ ಟೂಲ್ ಐಪಿಟೇಬಲ್ಸ್‌ನಲ್ಲಿ ಆ ಪೋರ್ಟ್‌ಗೆ ಡ್ರಾಪ್ ಹಾಕಿ, ಆ್ಯಪ್ ಮೇಲೆ ಲೋಡ್ ಬಿಟ್ಟು ನೋಡಿ. ಪ್ರತಿ ಸಂದೇಶಕ್ಕೂ ಪ್ರೋಸೆಸ್ ನಂಬರ್ ಜೊತೆ ಏರುವ ಕ್ರಮಸಂಖ್ಯೆ ಹಾಕಿಸಿ. ಡ್ರಾಪ್ ತೆಗೆದ ಮೇಲೆ ಆ ಕಡೆ ಸಂಖ್ಯೆಗಳ ನಡುವೆ ಎಲ್ಲಿ ಕಂದಕ ಇದೆ ಅಂತ ನೋಡಿದರೆ ಊಹೆಗೆ ಕೆಲಸವೇ ಇಲ್ಲ. ಈ ಕ್ರಮಸಂಖ್ಯೆಯನ್ನು ಪರೀಕ್ಷೆ ಮುಗಿದ ಮೇಲೂ ಬಿಡಿ, ಇರಲಿ.

ಕನ್ನಡ ಹೆಸರುಗಳು

ಇದಕ್ಕೆ ಮೂರು ಬೇರೆಬೇರೆ ಕಾರಣ ಇರಬಹುದು. ಏನು ಕಾಣುತ್ತದೆ ಅನ್ನುವುದರಿಂದ ಯಾವುದು ಅಂತ ಹೇಳಬಹುದು.

ಹೆಸರಿನ ಬದಲು ಬ್ಯಾಕ್‌ಸ್ಲ್ಯಾಷ್, ಯು, ಆಮೇಲೆ 0ಸಿ95 ಅಂಥ ಸಂಖ್ಯೆಗಳ ಸಾಲು ಕಂಡರೆ ಏನೂ ಕೆಟ್ಟಿಲ್ಲ. ಪೈಥಾನ್‌ನ ಜೇಸನ್ ಲೈಬ್ರರಿ ಆಸ್ಕಿ (ಮೂಲ ಇಂಗ್ಲಿಷ್ ಅಕ್ಷರಗಳ ಸಂಕೇತ) ಅಲ್ಲದ್ದನ್ನೆಲ್ಲಾ ಡಿಫಾಲ್ಟ್ ಆಗಿ ಹೀಗೆ ಬರೆಯುತ್ತದೆ. 0ಸಿ95 ಅಂದರೆ ಕ. ಎನ್ಶ್ಯೂರ್‌ಆಸ್ಕಿ ಅನ್ನುವುದನ್ನು ಫಾಲ್ಸ್ ಮಾಡಿದರೆ ಕನ್ನಡವೇ ಬರುತ್ತದೆ, ಜಾಗವೂ ಅರ್ಧಕ್ಕೆ ಇಳಿಯುತ್ತದೆ. ಟೋಪಿ, ಗೆರೆ ಹಾಕಿದ ಇಂಗ್ಲಿಷ್ ಅಕ್ಷರಗಳು ಗುಂಪಾಗಿ ಕಂಡರೆ, ಎಲ್ಲಾ ಭಾಷೆಗೂ ಆಗುವ ಯುಟಿಎಫ್-8ರಲ್ಲಿ ಬಂದದ್ದನ್ನು ಆ ಕಡೆ ಯಾರೋ ಯುರೋಪಿನ ಅಕ್ಷರಗಳ ಹಳೆಯ ಸಂಕೇತ ಲ್ಯಾಟಿನ್-1 ಅಂತ ಓದುತ್ತಿದ್ದಾರೆ. ಹೆಚ್ಚಿನ ಸಲ ಅದು ನೋಡುವ ಟೂಲ್‌ನ ತಪ್ಪು, ಕಳಿಸಿದ್ದು ಸರಿ ಇರುತ್ತದೆ.

ಮೂರನೆಯದು, ಹೆಸರಿನ ಕೊನೆಗೆ ಪ್ರಶ್ನೆಚಿಹ್ನೆಯ ಕಪ್ಪು ಚೌಕ. ನೀವು "ಕೆಲವು ಸಾಲುಗಳಲ್ಲಿ" ಅಂದದ್ದರಿಂದ ನನಗೆ ಇದರ ಮೇಲೇ ಅನುಮಾನ ಜಾಸ್ತಿ. ಉದ್ದ ಮೀರಿದ ಸಂದೇಶವನ್ನು ಯಾರೋ ಬೈಟ್ ಲೆಕ್ಕದಲ್ಲಿ ಕತ್ತರಿಸಿದ್ದಾರೆ. ಹುಬ್ಬಳ್ಳಿ ಅಂತ ಬರೆಯಿರಿ: ಕಣ್ಣಿಗೆ 3 ಅಕ್ಷರ, ಯುನಿಕೋಡ್‌ನಲ್ಲಿ 9 ಸಂಕೇತ, ಯುಟಿಎಫ್-8ರಲ್ಲಿ 27 ಬೈಟ್, ಮೇಲೆ ಹೇಳಿದ ಜೇಸನ್ ರೂಪದಲ್ಲಿ 54. ಹಳೆಯ ಸಿಸ್‌ಲಾಗ್‌ನ ಮಿತಿ ಸಂದೇಶಕ್ಕೆ 1024 ಬೈಟ್. 2009ರ ಹೊಸ ರೂಪದಲ್ಲೂ ಕಡ್ಡಾಯವಾಗಿ ತೆಗೆದುಕೊಳ್ಳಬೇಕಾದ್ದು 480 ಬೈಟ್ ಮಾತ್ರ, 2048 ತೆಗೆದುಕೊಂಡರೆ ಒಳ್ಳೆಯದು ಅಂತಿದೆ. ಇಂಗ್ಲಿಷ್‌ನಲ್ಲಿ ಎಂದೂ ಮುಟ್ಟದ ಮಿತಿಯನ್ನು ಕನ್ನಡ ಬೇಗ ಮುಟ್ಟುತ್ತದೆ. ತೆಗೆದುಕೊಳ್ಳುವ ಕಡೆ ಸಂದೇಶದ ಗರಿಷ್ಠ ಗಾತ್ರ ಏರಿಸಿ, ಕಳಿಸುವ ಕಡೆ ಉದ್ದದ ಸಂದೇಶವನ್ನು ನೀವೇ ಅಕ್ಷರದ ಗಡಿಯಲ್ಲಿ ಕತ್ತರಿಸಿ.

ಇವೆಲ್ಲಾ ಸರಿಯಾದ ಮೇಲೂ ಹೆಸರು ಹುಡುಕಿದರೆ ಸಿಗದೆ ಇರಬಹುದು. "ಕೊ" ಅನ್ನುವುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ. ಕೆಲವು ಹೆಸರುಗಳಲ್ಲಿ ಒತ್ತಕ್ಷರ ಬಿಡಿಸಲು ಹಾಕಿದ, ಕಣ್ಣಿಗೆ ಕಾಣದ ಜೋಡಿ ತಪ್ಪಿಸುವ ಗುರುತು ಕೂತಿರುತ್ತದೆ. ಬೇರೆಬೇರೆ ಕೀಬೋರ್ಡ್‌ನಲ್ಲಿ ಟೈಪ್ ಮಾಡಿದ ಸಂಘದ ಕಾರ್ಯದರ್ಶಿಗಳು ಇದನ್ನೆಲ್ಲಾ ನೋಡಿಕೊಂಡು ಟೈಪ್ ಮಾಡಿರುವುದಿಲ್ಲ. ಹಾಗಾಗಿ ನಾನಾದರೆ ಲಾಗ್‌ನಲ್ಲಿ ರೈತರ ಹೆಸರೇ ಬರೆಯುವುದಿಲ್ಲ. ಸಂಘದ ಕೋಡ್, ಸದಸ್ಯರ ನಂಬರ್ ಸಾಕು. ಹೆಸರು ಬೇಕಾದವರು ಡೇಟಾಬೇಸ್‌ನಲ್ಲಿ ನೋಡಿಕೊಳ್ಳಲಿ.